ಸತ್ತ ಕಾರಿನ ಉಳಿದ ಆಯಸ್ಸು

ಆರ್‌ಸಿ ಕಾರ್ಡಿನೊಳಗಿನ ಚಿಪ್ಪು ಕೆಟ್ಟುಹೋಗಿರಬಹುದು. ಕಾರಿನ ಸಾಲ ತೀರಿ ವರ್ಷಗಳಾಗಿದ್ದರೂ ಸಾಲ ಕೊಟ್ಟವರ ಹೆಸರು ಇನ್ನೂ ದಾಖಲೆಯಲ್ಲಿ ಬೆಚ್ಚಗೆ ಕೂತಿರಬಹುದು. ಯಾವುದೋ ಸಿಗ್ನಲ್ಲಿನ ಕ್ಯಾಮೆರಾ ಯಾವುದೋ ಕಾಲದಲ್ಲಿ ನಮ್ಮನ್ನು ಹಿಡಿದು, ಆ ದಂಡವನ್ನು ನಮಗೆ ಹೇಳದೆ ಬೆಳೆಯಲು ಬಿಟ್ಟಿರಬಹುದು. ಷಾಸಿ ನಂಬರಿರುವ ತಗಡನ್ನು ಕತ್ತರಿಸಿ ಕೊಡುವಾಗ ಗುಜರಿಯವನು ಪಕ್ಕದ ಕಾರಿನ ತಗಡನ್ನು ಕೊಟ್ಟಿರಬಹುದು. ಅದು ಸರಿಯಾದದ್ದೇ ಆಗಿದ್ದರೂ ಪೇಪರಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಾಗ ಅದರ ಚೂಪು ಅಂಚು ಪಕ್ಕದವರ ಸೀರೆಗೆ ಸಿಕ್ಕಿಕೊಳ್ಳಬಹುದು, ಪೊಲೀಸಿನವರು ಚೀಲ ಬಿಚ್ಚಿಸಬಹುದು, ಈ ತುಂಡು ಯಾವ ಕದ್ದ ಗಾಡಿಯದಪ್ಪಾ ಎಂದು ಕೇಳಬಹುದು. ಅರ್ಜಿಗೆ ನೀಲಿ ಮಸಿ ಬೇಕಿದ್ದು ನಾನು ಕಪ್ಪಿನಲ್ಲಿ ಬರೆದಿರಬಹುದು. ಝೆರಾಕ್ಸಿನಲ್ಲಿ ಮೊಹರು ಮಸುಕಾಗಿರಬಹುದು. ಶುಕ್ರವಾರ ಹೋದರೆ ಕೌಂಟರಿನಲ್ಲಿ ಜನ ಸಿಗುವ ಹೊತ್ತಿಗೆ ಸರಿಯಾಗಿ ರಾಹುಕಾಲ ಬರಬಹುದು. ಸಾಹೇಬರಿಗೆ ವರ್ಗವಾಗಿರಬಹುದು. ಕಡತ ಇಟ್ಟ ಬೀರುವಿನ ಮೇಲೆ ಸೂರು ಸೋರಬಹುದು. ಅಥವಾ ಎಲ್ಲವೂ ಸರಿಯಿದ್ದು, ನಾನು ಕಿಟಕಿಯ ಮುಂದೆ ನಿಂತ ಆ ಗಳಿಗೆಯಲ್ಲೇ ಸರ್ಕಾರ ನಿಯಮ ಬದಲಾಯಿಸಿ, ನೀವೇ ನಮಗೆ ಬಾಕಿ ಕೊಡಬೇಕು ಸ್ವಾಮಿ ಎನ್ನಬಹುದು.

ಇದರಲ್ಲಿ ಒಂದೂ ಆಗಲಿಲ್ಲ. ನನ್ನ ದೂರು ಶುರುವಾಗುವುದೇ ಅಲ್ಲಿಂದ. ಇಷ್ಟೆಲ್ಲ ಯೋಚಿಸಿಟ್ಟವನಿಗೆ ಒಂದಾದರೂ ಸರಿಯಾಗಿ ತಪ್ಪಬೇಕಿತ್ತು.

ಈ ಸ್ವಭಾವ ಹುಟ್ಟಿನಿಂದ ಬಂದದ್ದೋ ಕಸುಬಿನಿಂದ ಅಂಟಿದ್ದೋ ಈ ವಯಸ್ಸಿನಲ್ಲಿ ಬಿಡಿಸಿ ಹೇಳುವುದು ಕಷ್ಟ. ನಾನು ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಕರಡು ತಿದ್ದುವವನು. ಅಂಗಡಿಗೆ ಬಂದವರು ಚಿನ್ನದ ಬಣ್ಣದ ಗಣಪತಿಯನ್ನೂ ರೇಷ್ಮೆ ಕುಚ್ಚನ್ನೂ ನೋಡಿ ಖುಷಿಪಡುತ್ತಿದ್ದರೆ ನಾನು ಮೂಲೆಯಲ್ಲಿ ಕೂತು ಮುಹೂರ್ತದ ದಿನಕ್ಕೂ ವಾರಕ್ಕೂ ತಾಳೆ ಇದೆಯೇ, ವರನ ತಾಯಿಯ ಹೆಸರು ವಧುವಿನ ಕಡೆಗೆ ಹೋಗಿಬಿಟ್ಟಿದೆಯೇ ಎಂದು ನೋಡುತ್ತಿರುತ್ತೇನೆ. ಅಚ್ಚಾಗಿ ಹಂಚಿಹೋದ ಪತ್ರಿಕೆಯನ್ನು ವಾಪಸು ಕರೆಯಲು ಬರುವುದಿಲ್ಲ. ಇಷ್ಟು ವರ್ಷ ಹೀಗೆ ದುಡಿದವನಿಗೆ ಸಂಭ್ರಮ ಕಂಡ ಕಡೆಯೆಲ್ಲ ಅಚ್ಚಿನ ತಪ್ಪೇ ಕಾಣುತ್ತದೆ.

ಆದರೂ ಮರದ ಬಗ್ಗೆ ನಾನು ಯೋಚಿಸಿರಲಿಲ್ಲ. ಚಾಮರಾಜಪೇಟೆಯ ನಮ್ಮ ಮನೆಯ ಮುಂದೆ ಒಂದು ಗುಲ್‌ಮೊಹರ್ ಮರವಿತ್ತು. ಬಿಸಿಲಿಗೆ ಬಣ್ಣ ಮಾಸುತ್ತದೆ ಎಂಬ ಚಿಂತೆಯಿಂದ ಕಾರನ್ನು ನಾನು ಅದರ ನೆರಳಿಗೇ ಒತ್ತಿ ನಿಲ್ಲಿಸುತ್ತಿದ್ದೆ. ಮುಂಗಾರಿಗೆ ಮುಂಚೆ ಒಂದು ಸಂಜೆ ಬೀಸಿದ ಗಾಳಿಗೆ ಮರ ಬುಡಸಮೇತ ಕಿತ್ತು, ಬೇರೆಲ್ಲೂ ಜಾಗವಿಲ್ಲವೆಂಬಂತೆ ಕಾರಿನ ಮೇಲೆ ಮಲಗಿತು. ಕೆಂಪು ಹೂವೆಲ್ಲ ಹರಡಿ ಪೂಜೆ ಮಾಡಿದ ಹಾಗೆ ಕಾಣುತ್ತಿತ್ತು. ವಿಮೆಯವನು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಟೋಟಲ್ ಲಾಸ್ ಸಾರ್," ಎಂದು ನನ್ನ ಕೈ ಕುಲುಕಿದ. ಅವನ ಮುಖ ನೋಡಿದರೆ ನನಗೆ ಬಡ್ತಿ ಸಿಕ್ಕಿದೆ ಎನ್ನಬೇಕು.

ಕಾರು ಹೆಂಡತಿಯ ಹೆಸರಿನಲ್ಲಿತ್ತು. ಅದೂ ನನ್ನ ಚಿಂತೆಯ ಕೊಡುಗೆಯೇ. ನನಗೇನಾದರೂ ಆದರೆ ಅವಳು ಹೆಸರು ಬದಲಾವಣೆಗೆ ಅಲೆಯುವುದು ಬೇಡ ಎಂದು ಕೊಳ್ಳುವಾಗಲೇ ಅವಳ ಹೆಸರಿಗೆ ಮಾಡಿಸಿದ್ದೆ. ನನಗೇನೂ ಆಗಲಿಲ್ಲ, ಆದದ್ದು ಕಾರಿಗೆ.

ಅವಳು ಕುಮಾರ ಪಾರ್ಕಿನ ಒಂದು ಶಾಲೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ನಾನು ಅವಳನ್ನು ಕಾರಿನಲ್ಲಿ ಬಿಟ್ಟು, ಕಾರನ್ನು ತಂದು ಮರದ ಕೆಳಗೆ ನಿಲ್ಲಿಸಿ, ನಡೆದು ಅಂಗಡಿಗೆ ಹೋಗುತ್ತಿದ್ದೆ. ಕಾರು ಹೋದ ಮೇಲೆ ಅವಳಿಗೆ ಬಸ್ಸು: ಇಲ್ಲಿಂದ ಮೆಜೆಸ್ಟಿಕ್ಕಿಗೆ ಒಂದು, ಅಲ್ಲಿಂದ ಇನ್ನೊಂದು. ಒಂದು ವಾರ ಸುಮ್ಮನೆ ಹೋಗಿ ಬಂದಳು. ಆಮೇಲೆ ಒಂದು ಭಾನುವಾರ ಕಾಫಿ ಲೋಟ ಕೆಳಗಿಟ್ಟು,

"ನಾನೊಂದು ಸ್ಕೂಟರ್ ತಗೋತೀನಿ," ಎಂದಳು.

"ಓಡ್ಸೋರು ಯಾರು?"

"ನಿಮ್ಮಜ್ಜಿ."

"ಅಲ್ಲ, ಕಲೀಬೇಕಲ್ಲ ಅಂದೆ."

"ಕಲ್ತಾಯ್ತು. ಸ್ಕೂಲ್ ಕಾಂಪೌಂಡಲ್ಲಿ, ನಮ್ಮ ಡ್ರಾಯಿಂಗ್ ಟೀಚರ್ ಗಾಡೀಲಿ. ಲೈಸೆನ್ಸಿಗೆ ಎಂಟು ಹಾಕಿ ಬಂದಿದ್ದೂ ಆಯ್ತು."

"ಯಾವಾಗ?"

"ನೀವು ಪ್ರತಿ ಶನಿವಾರ ಕಾರಿನ ಟೈರಿಗೆ ಗಾಳಿ ಚೆಕ್ ಮಾಡ್ಸೋಕೆ ಹೋಗ್ತಿದ್ರಲ್ಲ, ಆವಾಗ."

ನನ್ನ ಎದೆಯಲ್ಲಿ ಕೂಡಲೇ ಲಾರಿಗಳು ಓಡಾಡತೊಡಗಿದವು. ಮೈಸೂರು ರಸ್ತೆಯ ಕಡೆಯಿಂದ ಬರುವ ಲಾರಿ, ಓಕಳಿಪುರದ ತಿರುವಿನ ಲಾರಿ, ಶೇಷಾದ್ರಿಪುರದ ಇಳಿಜಾರಿನಲ್ಲಿ ಬ್ರೇಕಿಲ್ಲದ ನೀರಿನ ಟ್ಯಾಂಕರು. ಅದನ್ನು ಹೇಳಿದರೆ ನಗುತ್ತಾಳೆ. ಆದ್ದರಿಂದ ಕಾನೂನು ಹೇಳಿದೆ.

"ಸತ್ತಿರೋ ಕಾರು ಇನ್ನೂ ನಿನ್ ಹೆಸರಲ್ಲೇ ಇದೆ. ಅದು ಕ್ಯಾನ್ಸಲ್ ಆಗೋಕ್ ಮುಂಚೆ ಇನ್ನೊಂದು ಗಾಡಿ ತಗೊಂಡ್ರೆ ಸಿಸ್ಟಮ್ಮಲ್ಲಿ ಗೊಂದಲ ಆಗುತ್ತೆ."

"ಯಾವ ಸಿಸ್ಟಮ್ಮು?"

"ಗವರ್ನಮೆಂಟ್ ಸಿಸ್ಟಮ್ಮು."

"ಯಾರ್ ಹೇಳಿದ್ದು?"

"ಹೇಳ್ತಾರೆ."

'ಹೇಳ್ತಾರೆ' ಎಂಬ ಕ್ರಿಯಾಪದಕ್ಕೆ ಕರ್ತೃ ಬೇಕಿಲ್ಲ. ನನ್ನ ಅರ್ಧ ಬದುಕು ಆ ಒಂದು ಪದದ ಮೇಲೆ ನಿಂತಿದೆ. ಆದರೆ ಅವಳು ಲೆಕ್ಕ ಬಲ್ಲವಳು. "ಸರಿ. ಕಾರಿಂದು ಕ್ಯಾನ್ಸಲ್ ಆಗ್ಲಿ, ಕಟ್ಟಿರೋ ಟ್ಯಾಕ್ಸೂ ವಾಪಸ್ ಬರ್ಲಿ. ಅಲ್ಲೀತನಕ ಎರಡೆರಡು ಬಸ್ಸು ಹತ್ತಿಳೀತೀನಿ. ಆಮೇಲೆ ಮಾತ್ರ ಇನ್ನೊಂದು ಕಂಡೀಷನ್ ತೆಗೆದ್ರೆ ನೋಡಿ," ಎಂದಳು.

ಹೀಗೆ ಅವಳ ಸ್ಕೂಟರು ಒಂದು ಸತ್ತ ಕಾರಿಗೆ ಕಟ್ಟಿಬಿದ್ದಿತು. ಕಟ್ಟಿದವನು ನಾನು, ಬಿಚ್ಚಬೇಕಾದವನೂ ನಾನೇ.

ಕಾರು ಕೊಳ್ಳುವ ದಿನವೇ ಅದರ ಇಡೀ ಬದುಕಿನ ತೆರಿಗೆಯನ್ನು ಒಂದೇ ಏಟಿಗೆ ಕಟ್ಟಿಸಿಕೊಳ್ಳುತ್ತಾರೆ. ಅದರ ಹೆಸರು ಜೀವಾವಧಿ ತೆರಿಗೆ. ಆ ಪದ ಕೇಳಿದರೆ ನನಗೆ ಮುಂದೆ ಶಿಕ್ಷೆ ಎಂಬ ಪದ ತಾನಾಗಿಯೇ ಬಂದು ನಿಲ್ಲುತ್ತದೆ. ಕಾರು ಆಯಸ್ಸು ಮುಗಿಯುವ ಮುಂಚೆಯೇ ಹೋದರೆ ಅದು ಬದುಕದೆ ಬಿಟ್ಟ ವರ್ಷಗಳ ಪಾಲನ್ನು ವಾಪಸು ಕೇಳಬಹುದಂತೆ. ಕೇಳಬಹುದು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಮೊದಲು ನೋಂದಣಿ ರದ್ದಾಗಬೇಕು. ಅದಕ್ಕೆ ಗುಜರಿಯ ಚೀಟಿ ಬೇಕು, ಕತ್ತರಿಸಿದ ಷಾಸಿ ತಗಡು ಬೇಕು, ಪೊಲೀಸರಿಂದ ಈ ಕಾರಿನ ಮೇಲೆ ಮೊಕದ್ದಮೆ ಇಲ್ಲವೆಂಬ ಕಾಗದ ಬೇಕು. ರದ್ದಾದ ಮೇಲೆ ತೆರಿಗೆ ವಾಪಸಾತಿಗೆ ಬೇರೆ ಅರ್ಜಿ. ಅದರ ಜೊತೆ ಒಂದು ರದ್ದು ಮಾಡಿದ ಚೆಕ್ಕು. ರದ್ದಾದ ಕಾರಿನ ತೆರಿಗೆಯನ್ನು ರದ್ದಾದ ಚೆಕ್ಕಿನ ಮೂಲಕ ಕೇಳುವ ಈ ವ್ಯವಸ್ಥೆಯಲ್ಲಿ ಗಟ್ಟಿಯಾಗಿ ಉಳಿದಿದ್ದು ಆ ತಗಡು ಮಾತ್ರ.

ಸಾರಿಗೆ ಕಚೇರಿಯ ಗೇಟಿನ ಹೊರಗೆ ಒಬ್ಬ ಏಜೆಂಟನಿದ್ದ. ಸ್ಕೂಟರಿನ ಸೀಟನ್ನೇ ಮೇಜು ಮಾಡಿಕೊಂಡು ನಿಂತಿರುತ್ತಿದ್ದ. ಮೊದಲ ದಿನ ನನ್ನ ಚೀಲ ನೋಡಿಯೇ ಗಿರಾಕಿ ಎಂದುಕೊಂಡು ಬಂದ.

"ಏನ್ ಕೆಲ್ಸ ಗುರುಗಳೇ? ಡಿಎಲ್ಲಾ, ಟ್ರಾನ್ಸ್‌ಫರಾ?"

"ಲೈಫ್‌ಟೈಮ್ ಟ್ಯಾಕ್ಸ್ ರಿಫಂಡು."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಅಯ್ಯೋ, ದುಡ್ಡು ಕಟ್ಟೋದಿದ್ರೆ ಹೇಳಿ ಸಾರ್, ಅರ್ಧ ಗಂಟೇಲಿ ಮುಗ್ಸಿಕೊಡ್ತೀನಿ. ಇಸ್ಕೊಳೋದಕ್ಕೆ ನನ್ ಹತ್ರ ದಾರಿ ಇಲ್ಲ." ಆಮೇಲೆ ಕನಿಕರದಿಂದ, "ನೀವೇ ಒಳಗ್ ಹೋಗಿ. ಬಂದ್ರೆ ನಂಗೂ ಒಂದ್ ಮಾತು ಹೇಳಿ," ಎಂದ.

ಒಳಗೆ ನಮ್ಮ ಕಡತ ನೋಡುವ ಗುಮಾಸ್ತರು ನನ್ನ ವಯಸ್ಸಿನವರೇ. ಸಭ್ಯರು. ಒಂದು ದಿನವೂ ಗದರಲಿಲ್ಲ, ಏನನ್ನೂ ಕೇಳಲಿಲ್ಲ. ಅವರು ಗದರಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಮನೆಗೆ ಬಂದು ಹೇಳಲು ಒಂದು ಸಂಗತಿಯಾದರೂ ಇರುತ್ತಿತ್ತು. ಚಿಪ್ಪು ಓದಿತು. ಸಾಲದವರ ಹೆಸರು ಇರಲಿಲ್ಲ. ದಂಡ ಇರಲಿಲ್ಲ. ತಗಡಿನ ನಂಬರು ಅಕ್ಷರಕ್ಕೆ ಅಕ್ಷರ ಹೊಂದಿತು. ಅವರು ಎಲ್ಲವನ್ನೂ ನೋಡಿ, ವಾಪಸಾತಿಯ ಅರ್ಜಿಯನ್ನೂ ಆಗಲೇ ತೆಗೆದುಕೊಂಡು, ಒಟ್ಟಿಗೇ ದಾರ ಕಟ್ಟಿ, "ಆಗುತ್ತೆ ಸಾರ್," ಎಂದರು.

ನಾನು ಖುಷಿಯಿಂದ ಮನೆಗೆ ಬಂದೆ. ಎರಡು ವಾರ ಬಿಟ್ಟು ಹೋದಾಗಲೂ "ಆಗುತ್ತೆ" ಎಂದರು. ಅದಾದ ಮೇಲೆ ಹೋದಾಗಲೂ ಅದೇ. ಕನ್ನಡದ ಈ ಪದದ ಒಳಗುಟ್ಟು ನನಗೆ ಆ ಬೆಂಚಿನ ಮೇಲೆ ಕೂತೇ ತಿಳಿದದ್ದು. ಆಗುತ್ತೆ ಎಂದರೆ ಈಗ ಆಗುತ್ತಿದೆ ಎಂದೂ ಆಯಿತು, ಮುಂದೆ ಆಗಲಿದೆ ಎಂದೂ ಆಯಿತು, ಸಾಮಾನ್ಯವಾಗಿ ಲೋಕದಲ್ಲಿ ಇಂಥವು ಆಗುವುದುಂಟು ಎಂದೂ ಆಯಿತು. ಸುಳ್ಳು ಎನ್ನುವ ಹಾಗಿಲ್ಲ. ಹಿಡಿದುಕೊಳ್ಳಲು ಹಿಡಿಯೂ ಇಲ್ಲ.

"ಸುಮಾರು ಯಾವಾಗ ಆಗ್ಬಹುದು ಸಾರ್?" ಎಂದು ಒಮ್ಮೆ ಧೈರ್ಯ ಮಾಡಿದೆ.

"ಸಾಹೇಬ್ರ ಟೇಬಲ್ ಮೇಲಿದೆ."

"ಸಾಹೇಬ್ರು?"

"ಟೇಬಲ್ ಹತ್ರ ಇಲ್ಲ."

ಇನ್ನೊಂದು ಸಲ ಸಾಹೇಬರು ಟೇಬಲ್ ಹತ್ತಿರವಿದ್ದರು, ಕಡತ ಇರಲಿಲ್ಲ. ಮತ್ತೊಂದು ಸಲ ಇಬ್ಬರೂ ಇದ್ದರು, ಕರೆಂಟಿರಲಿಲ್ಲ. ಹಾಳಾದದ್ದು ಯಾವುದೂ ಇಲ್ಲ, ಕೆಟ್ಟವರು ಯಾರೂ ಇಲ್ಲ. ಏನೂ ತಪ್ಪಾಗುತ್ತಿರಲಿಲ್ಲ, ಏನೂ ಆಗುತ್ತಲೂ ಇರಲಿಲ್ಲ. ಆ ಸಿಟ್ಟನ್ನು ಯಾರ ಮೇಲೆ ಹಾಕುವುದು? ಅಂಗಡಿಗೆ ಹೋಗಿ ಕೂತರೆ ಕರಡಿನ ಮೇಲೆ ಹಾಕುತ್ತಿದ್ದೆ. ನಮ್ಮ ಕಂಪ್ಯೂಟರಿನ ಹುಡುಗಿ, "ಸಾರ್, 'ಆಗಮನಾಭಿಲಾಷಿಗಳು' ಅನ್ನೋದನ್ನ ಯಾಕ್ ಹಿಂಗ್ ಗೀಚಿದೀರ, ಅದು ಸರಿಯಾಗೇ ಇದೆಯಲ್ಲ," ಎಂದು ಹಾಳೆ ಹಿಡಿದುಕೊಂಡು ಬಂದಳು.

ಮನೆಯಲ್ಲಿ ಹೆಂಡತಿ ದಿನವೂ ಕೇಳುತ್ತಿರಲಿಲ್ಲ. ಅದು ಇನ್ನೂ ಕಷ್ಟ. ಒಂದು ಸಂಜೆ ಬಂದವಳೇ ಬಾಗಿಲಲ್ಲಿ ನಿಂತು ಎಡಗಾಲಿನ ಚಪ್ಪಲಿಯನ್ನು ಎತ್ತಿ ತೋರಿಸಿದಳು. ಮೆಜೆಸ್ಟಿಕ್ಕಿನ ನೂಕುನುಗ್ಗಲಿನಲ್ಲಿ ಯಾರೋ ಹಿಂದಿನಿಂದ ತುಳಿದು ಉಂಗುಷ್ಠ ಕಿತ್ತುಹೋಗಿತ್ತು. ಸೆರಗಿನ ಪಿನ್ನು ಚುಚ್ಚಿ ಹೇಗೋ ಎಳೆದುಕೊಂಡು ಬಂದಿದ್ದಳು.

"ಏನಾಯ್ತು ಕಾರಿಂದು?" ಎಂದಳು.

"ಆಗುತ್ತೆ," ಎಂದೆ. ಬಾಯಿಂದ ಬಂದ ಮೇಲೆ ಗೊತ್ತಾಯಿತು.

ಅವಳು ಆ ಚಪ್ಪಲಿಯನ್ನು ಎಸೆಯಲಿಲ್ಲ. ಪಿನ್ನಿನ ಸಮೇತ ಹೊಸ್ತಿಲ ಪಕ್ಕ, ನಾನು ಶೂ ಬಿಡುವ ಜಾಗದಲ್ಲೇ ಇಟ್ಟು ಒಳಗೆ ಹೋದಳು.

ದೀಪಾವಳಿ ಕಳೆದು ಮದುವೆ ಪತ್ರಿಕೆಗಳ ಗಡಿಬಿಡಿ ಶುರುವಾಗಿದ್ದಾಗ ಗುಮಾಸ್ತರೇ ಫೋನು ಮಾಡಿದರು. ಸರ್ಕಾರಿ ಕಚೇರಿಯಿಂದ ತಾನಾಗಿ ಫೋನು ಬಂದರೆ ನನ್ನಂಥವನು ಕೂತು ಮಾತಾಡಲಾರ. ಎದ್ದು ನಿಂತೆ.

"ಸಾರ್, ನಿಮ್ ರಿಫಂಡ್ ಸ್ಯಾಂಕ್ಷನ್ ಆಯ್ತು, ಖಜಾನೆಗೂ ಹೋಯ್ತು. ಒಂದು ಸಣ್ಣ ವಿಷಯ ಇದೆ. ಓನರ್ ಮೇಡಂನ ಕರ್ಕೊಂಡು ಬನ್ನಿ."

"ಏನ್ ವಿಷಯ ಸಾರ್?"

"ಬನ್ನಿ ಹೇಳ್ತೀನಿ. ಸಣ್ಣದೇ."

ಹೆಂಡತಿ ಒಂದು ದಿನದ ರಜೆ ಹಾಕಿದಳು. ಆಟೋದಲ್ಲಿ ಹೋಗುವಾಗ ನಾನು ಮೊದಲಿನ ಪಟ್ಟಿಯನ್ನೆಲ್ಲ ಮತ್ತೆ ಒಂದು ಸುತ್ತು ಹಾಕಿದೆ. ಅವಳು ಪಕ್ಕದಲ್ಲಿ ಹೋಗುವ ಸ್ಕೂಟರುಗಳನ್ನು ನೋಡುತ್ತಿದ್ದಳು. ಅದರಲ್ಲೂ ಹೆಂಗಸರು ಓಡಿಸುತ್ತಿದ್ದವುಗಳನ್ನು.

ಗುಮಾಸ್ತರು ಅವಳಿಗೆ ಕುರ್ಚಿ ಕೊಟ್ಟರು. ಇಷ್ಟು ದಿನ ಅಲ್ಲಿ ಇನ್ನೊಂದು ಕುರ್ಚಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಹೆಸರೇ ಶ್ರೀಮತೀನಾ?"

"ಏನು?"

"ಅಂದ್ರೆ ಫಸ್ಟ್ ನೇಮು. ನಮ್ಮ ಅತ್ತಿಗೆ ಹೆಸರು ಶ್ರೀಮತಿ ಅಂತಾನೇ. ಇರ್ತಾರೆ. ಅದಕ್ಕೇ ಕೇಳಿದ್ದು." ಅವರು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ನೋಂದಣಿಯಲ್ಲಿ ಮಾಲೀಕರ ಹೆಸರಿನ ಜಾಗದಲ್ಲಿ, ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ, ಶ್ರೀಮತಿ ಎಂದು ಇಡಿಯಾಗಿ ಬರೆದು ಅದರ ಮುಂದೆ ನನ್ನ ಹೆಂಡತಿಯ ಹೆಸರಿತ್ತು. "ಬ್ಯಾಂಕಲ್ಲಿ ಮೇಡಂದು ಬರೀ ಹೆಸರಿದೆ, ಶ್ರೀಮತಿ ಇಲ್ಲ. ಹೆಸರು ಟ್ಯಾಲಿ ಆಗ್ಲಿಲ್ಲ ಅಂತ ಖಜಾನೆಯಿಂದ ವಾಪಸ್ ಬಂದಿದೆ."

ಹೆಂಡತಿ ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಶೋರೂಮಲ್ಲಿ ಹೆಸರು ಹೇಳಿದ್ದು ಯಾರು?"

ಇನ್ನಾರು ಹೇಳುತ್ತಾರೆ? ನನ್ನ ಕಸುಬಿನಲ್ಲಿ ಮನುಷ್ಯರಿಗೆ ಬರಿಯ ಹೆಸರು ಇರುವುದಿಲ್ಲ. ವರ ಚಿರಂಜೀವಿ, ವಧು ಕುಂಕುಮ ಸೌಭಾಗ್ಯವತಿ, ಅವರ ಅಪ್ಪಂದಿರು ಶ್ರೀ, ಅಮ್ಮಂದಿರು ಶ್ರೀಮತಿ, ಶಿವನ ಪಾದ ಸೇರಿದ ಅಜ್ಜ ಲಿಂಗೈಕ್ಯ. ಒಬ್ಬ ಸೋದರತ್ತೆಯ ಹೆಸರಿನ ಹಿಂದೆ ಶ್ರೀಮತಿ ಬಿಟ್ಟುಹೋದದ್ದಕ್ಕೆ ಆಕೆ ಧಾರೆಗೆ ಬರಲಿಲ್ಲವೆಂದು ಅಂಗಡಿಯವರೆಗೂ ಜಗಳ ಬಂದದ್ದುಂಟು. ಶೋರೂಮಿನವನು "ಓನರ್ ಹೆಸರು ಹೇಳಿ ಸಾರ್" ಎಂದಾಗ ನಾಲಿಗೆ ತನ್ನ ರೂಢಿಯಂತೆ ಹೇಳಿತು. ಅವನು ಹೇಳಿದಷ್ಟನ್ನೂ ಕುಟ್ಟಿದ. ಆಮೇಲೆ ಆ ಕಾರ್ಡನ್ನು ನಾನು ಎಷ್ಟು ಸಲ ಕಣ್ಣಿಗೆ ಹತ್ತಿರ ಹಿಡಿದು ಪರೀಕ್ಷೆ ಮಾಡಿಲ್ಲ! ಎಂಜಿನ್ ನಂಬರನ್ನು ಬೆರಳಿಟ್ಟು ಓದಿದ್ದೇನೆ. ಶ್ರೀಮತಿಯ ಮೇಲೆ ಮಾತ್ರ ಕಣ್ಣು ನಿಲ್ಲಲಿಲ್ಲ. ಕರಡು ತಿದ್ದುವವನಿಗೆ ಇರಬೇಕಾದ ಕಡೆ ಇರುವ ಪದ ಕಾಣಿಸುವುದೇ ಇಲ್ಲ.

"ಸರಿ ಸಾರ್, ಅದನ್ನ ತೆಗೆದುಬಿಡಿ," ಎಂದೆ.

"ಎಲ್ಲಿಂದ?"

"ನಿಮ್ಮ ರೆಕಾರ್ಡಿಂದ. ಆರ್‌ಸಿಯಿಂದ."

"ಆರ್‌ಸಿ ಕ್ಯಾನ್ಸಲ್ ಆಗಿದೆಯಲ್ಲ ಸಾರ್. ಗಾಡಿ ಇದ್ದಿದ್ರೆ ತಿದ್ದಬಹುದಿತ್ತು. ಇಲ್ಲದೆ ಇರೋ ಗಾಡಿದು ಹೆಸರು ತಿದ್ದೋಕೆ ಆಪ್ಷನ್ನೇ ಬರಲ್ಲ."

"ಹಾಗಾದ್ರೆ ಏನ್ ಮಾಡೋದು?"

"ಬ್ಯಾಂಕಲ್ಲಿ ಮೇಡಂ ಹೆಸರಿಗೆ ಶ್ರೀಮತಿ ಸೇರಿಸ್ಕೊಳ್ಳಿ. ಇಲ್ಲ ಅಂದ್ರೆ ಒಂದು ಅಫಿಡವಿಟ್ ಮಾಡ್ಸಿ. ಶ್ರೀಮತಿ ಇಂಥೋರು, ಬರೀ ಇಂಥೋರು, ಇಬ್ರೂ ಒಬ್ರೇ ವ್ಯಕ್ತಿ ಅಂತ. ಅದನ್ನಿಟ್ಟು ಮತ್ತೆ ಕಳಿಸ್ತೀನಿ. ಆಗುತ್ತೆ."

ಹೆಂಡತಿ ನಗಲಿಲ್ಲ. "ಮದುವೆಯಾಗಿ ಇಷ್ಟು ವರ್ಷ ಆದ್ಮೇಲೆ, ಶ್ರೀಮತೀನೂ ನಾನೂ ಒಬ್ಳೇ ಅಂತ ನೋಟರಿ ಮುಂದೆ ಆಣೆ ಇಡ್ಬೇಕು," ಎಂದಳು. ಆಮೇಲೆ ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡು ಗುಮಾಸ್ತರನ್ನೇ ಕೇಳಿದಳು: "ಸಾರ್, ಕಾರು ಕ್ಯಾನ್ಸಲ್ ಆಗಿರೋದಂತೂ ನಿಜ ತಾನೆ?"

"ಅದಾಗ್ಲೇ ಆಯ್ತಲ್ಲ ಮೇಡಂ, ಗಣಪತಿ ಹಬ್ಬದ ಹೊತ್ಗೇನೇ."

"ಹಂಗಾದ್ರೆ ಈಗ ನನ್ ಹೆಸರಲ್ಲಿ ಯಾವ ಗಾಡಿನೂ ಇಲ್ಲ."

"ಇಲ್ಲ."

"ಇವತ್ತು ನಾನೊಂದು ಸ್ಕೂಟರ್ ತಗೊಂಡ್ರೆ ನಿಮ್ ಸಿಸ್ಟಮ್ಮಲ್ಲಿ ಏನಾದ್ರೂ ಗೊಂದಲ ಆಗುತ್ತಾ?"

ನಾನು ಗೋಡೆಯ ಮೇಲಿನ ಹೆಲ್ಮೆಟ್ ಜಾಹೀರಾತನ್ನು ಓದಲು ಶುರುಮಾಡಿದೆ.

ಗುಮಾಸ್ತರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಗೊಂದಲ ಯಾಕೆ? ಒಬ್ಬೊಬ್ರ ಹೆಸರಲ್ಲಿ ಹತ್ತು ಲಾರಿ ಇರ್ತವೆ ಮೇಡಂ. ಕಾರಿರೋವಾಗ್ಲೇ ತಗೋಬಹುದಿತ್ತಲ್ಲ, ಯಾಕೆ, ಯಾರಾದ್ರೂ ಏನಾದ್ರೂ ಹೇಳಿದ್ರಾ?"

"ಹೇಳ್ತಾರೆ ಸಾರ್," ಎಂದಳು ಅವಳು.

ನಾವು ಹೊರಗೆ ಬಂದೆವು. ಗೇಟಿನ ಬಳಿ ಏಜೆಂಟ್ ಕೈಯೆತ್ತಿ, "ಬಂತಾ ಸಾರ್ ದುಡ್ಡು?" ಎಂದು ಕೂಗಿದ. ನಾನು ಇಲ್ಲವೆಂದು ತಲೆಯಾಡಿಸಿದೆ. "ನಾನ್ ಹೇಳ್ಲಿಲ್ವಾ!" ಎಂದು ಅವನು ತನ್ನ ಸ್ಕೂಟರಿನ ಸೀಟಿಗೇ ಹೇಳಿಕೊಂಡ.

ಫುಟ್‌ಪಾತಿನ ಮೇಲೆ ನೀಲಿ ಟಾರ್ಪಾಲಿನ ಕೆಳಗೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಟೈಪು ಮಾಡುವ ಒಬ್ಬ ವಯಸ್ಸಾದವರು. ಪಕ್ಕದ ಸ್ಟೂಲಿನ ಮೇಲೆ ಕರಿ ಕೋಟಿನ ನೋಟರಿ. ನಾನು ವಿಷಯ ವಿವರಿಸತೊಡಗಿದೆ. ಒಂದು ಹೆಸರಿನಲ್ಲಿ ಶ್ರೀಮತಿ ಇರಬೇಕು, ಇನ್ನೊಂದರಲ್ಲಿ ಇರಬಾರದು ಎಂದು ಎರಡೆರಡು ಸಲ ಹೇಳಿದೆ.

"ಗೊತ್ತು ಸಾರ್, ದಿನಾ ಮಾಡ್ತೀನಿ. ಇನಿಷಿಯಲ್ ಹಿಂದೆ ಮುಂದೆ ಆಗಿರ್ತವೆ, ಅಪ್ಪನ ಹೆಸರು ಸೇರಿರುತ್ತೆ. ಕೂತ್ಕೊಳ್ಳಿ," ಎಂದರು ಟೈಪಿನವರು.

ಹೆಂಡತಿ ನಿಂತೇ ಇದ್ದಳು. ಕೈಯಲ್ಲಿ ಫೋನು. ಶಾಲೆಯ ಡ್ರಾಯಿಂಗ್ ಟೀಚರ್ ಜೊತೆ ಮಾತಾಡುತ್ತಿದ್ದಾಳೆಂದು ತಿಳಿಯಿತು. ಚಾಮರಾಜಪೇಟೆಗೆ ಹತ್ತಿರದ ಶೋರೂಮು ಯಾವುದು, ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂಬ ಮಾತು.

"ಇವತ್ತೇನಾ?" ಎಂದೆ.

"ರಜಾ ಹಾಕಿದೀನಲ್ಲ."

"ನಾನೂ ಬರ್ತೀನಿ. ಇದೊಂದು ಮುಗೀಲಿ."

"ಬೇಡ. ನೀವು ಬಂದ್ರೆ ಅಲ್ಲಿ ಬ್ರೇಕ್ ಮಾಡ್ದೋನು ಯಾರು ಅಂತ ಕೇಳ್ತೀರ. ಟ್ಯಾಕ್ಸ್ ಹಿಂದೆ ನೀವು ಹೋಗಿ, ಸ್ಕೂಟರ್ ಹಿಂದೆ ನಾನು ಹೋಗ್ತೀನಿ."

ಅದರಲ್ಲಿ ಸಿಟ್ಟಿತ್ತೇ ಎಂದು ಈಗಲೂ ಯೋಚಿಸುತ್ತೇನೆ. ಸಿಟ್ಟಿಗಿಂತ ಅವಸರ ಜಾಸ್ತಿ ಇತ್ತು. ಪ್ರಿಂಟರು ಕಾಗದವನ್ನು ಕಕ್ಕಿತು. ಅವಳು ನೋಟರಿಯವರು ಬೆರಳಿಟ್ಟ ಕಡೆಯೆಲ್ಲ ನಿಂತುಕೊಂಡೇ ಸಹಿ ಹಾಕಿ, ಪೆನ್ನನ್ನು ನನ್ನ ಜೇಬಿಗೆ ಸಿಕ್ಕಿಸಿ, ಎದುರಿಗೆ ಬಂದ ಆಟೋಕ್ಕೆ ಕೈ ಅಡ್ಡ ಹಿಡಿದಳು. ಹತ್ತುವಾಗ ತಿರುಗಿ, "ಕೆಂಪು ತಗೋಳ್ಳಾ, ಬೂದೀದಾ?" ಎಂದಳು. ಬಿಸಿಲಿಗೆ ಕೆಂಪು ಬೇಗ ಮಾಸುತ್ತದೆ ಎಂದು ಹೇಳುವಷ್ಟರಲ್ಲಿ ಆಟೋ ಹೊರಟುಹೋಗಿತ್ತು.

ಕಾಗದ ಇಟ್ಟುಕೊಂಡು ಊಟಕ್ಕೆ ಹೋಗಿ ಬಂದ ನೋಟರಿಯವರು ಮೊಹರನ್ನು ಮಸಿಗೆ ಒತ್ತಿ, ಕಾಗದದ ಮೇಲೆ ಎತ್ತಿ ಕುಟ್ಟಿ, ತಮ್ಮ ಸಹಿಯನ್ನೂ ಎಳೆದು ನನ್ನ ಕೈಗೆ ಕೊಟ್ಟರು. ಓದಿದೆ. ನನ್ನ ಹೆಂಡತಿ ದೃಢೀಕರಿಸಿ ಹೇಳುವುದೇನೆಂದರೆ: ಶ್ರೀಮತಿ ಇಂಥವರು ಮತ್ತು ಶ್ರೀಮತಿ ಇಂಥವರು ಎಂಬ ಎರಡೂ ಹೆಸರಿನ ವ್ಯಕ್ತಿ ತಾನೊಬ್ಬಳೇ ಆಗಿರುತ್ತಾಳೆ.

"ಇದೇನು ಸ್ವಾಮಿ, ಎರಡು ಕಡೆನೂ ಶ್ರೀಮತಿ ಹಾಕಿದೀರಲ್ಲ!"

ಟೈಪಿನವರು ಕನ್ನಡಕ ಮೇಲೆತ್ತಿ ನೋಡಿದರು. "ಹೆಂಗಸರ ಹೆಸರು ಸಾರ್. ಬರೀ ಹೆಸರು ಹೊಡೆದ್ರೆ ಚೆನ್ನಾಗಿರಲ್ಲ," ಎಂದರು. ಆಮೇಲೆ, "ಬೇರೆ ಹೊಡ್ಕೊಡ್ತೀನಿ ಬಿಡಿ. ಮೇಡಂ ಎಲ್ಲಿ, ಸೈನ್ ಬೇಕಲ್ಲ?"

ಫೋನು ಮಾಡಿದೆ. ಬಹಳ ಹೊತ್ತು ರಿಂಗಾಗಿ ಕೊನೆಗೆ ಎತ್ತಿದ್ದು ಶೋರೂಮಿನವನು. "ಮೇಡಂ ಗಾಡಿ ಮೇಲಿದಾರೆ ಸಾರ್, ಟೆಸ್ಟ್ ರೈಡು. ಫೋನು ನನ್ ಕೈಲಿ ಕೊಟ್ಟು ಹೋದ್ರು."